ನೆರೆ ಎಂಬ ಕಡತ

ಅಪ್ಪ ಕತ್ತರಿಸಿಟ್ಟ ಮೊದಲ ಸುದ್ದಿಯ ಬೆನ್ನಿಗೆ ಪೆನ್ಸಿಲಿನಲ್ಲಿ ಒಂದೇ ಪದವಿದೆ: ‘ಗದ್ದೆ’. ಸುದ್ದಿಯಲ್ಲಿ ಗದ್ದೆಯ ಮಾತೇ ಇಲ್ಲ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿಯವರು ಕಾರವಾರದ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಇಟ್ಟರು ಎಂಬ ಸುದ್ದಿ ಅದು. ಊರೂರಿನ ಓದುಗರಿಗೆ ಅದು ದೇಶದ ರಕ್ಷಣೆಯ ವಿಷಯ. ಹಡಗು, ಸಮುದ್ರ, ಪಶ್ಚಿಮ ಕರಾವಳಿಯ ಭದ್ರತೆ. ಚೆಂಡಿಯಾದ ನಮ್ಮ ಜಗಲಿಯ ಮೇಲೆ ಕೂತು ಓದಿದ ಅಪ್ಪನಿಗೆ ಕಂಡದ್ದು ಮನೆಯ ಪಡುವಣ ಬದಿಯ ಗದ್ದೆ. ಅದು ಹೋಗುತ್ತದೆ ಎಂದು ಆಗ ಯಾರೂ ಹೇಳಿರಲಿಲ್ಲ. ಮುಂದೆ ಗದ್ದೆ ಹೋಯಿತು, ಮನೆ ಉಳಿಯಿತು.

ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಆಯಿಯ ಹೊಲಿಗೆಯ ಕತ್ತರಿಯಲ್ಲಿ ಸುದ್ದಿ ಕತ್ತರಿಸಿ, ತಾರೀಖು ಬರೆದು, ದೊಡ್ಡ ಲಕ್ಕೋಟೆಗಳಲ್ಲಿ ತುಂಬಿ, ದಾರ ಕಟ್ಟಿ ತಗಡಿನ ಟ್ರಂಕಿನಲ್ಲಿ ಇಡುತ್ತಿದ್ದರು. ಲಕ್ಕೋಟೆಗಳು ಏಳು. ಗದ್ದೆ, ಪರಿಹಾರ, ಕೋರ್ಟು, ಮಳೆ, ಮೀನು, ರಸ್ತೆ, ಇತರೆ. ಜಗತ್ತಿನಲ್ಲಿ ಆಗುವುದೆಲ್ಲ ಈ ಏಳರಲ್ಲಿ ಎಲ್ಲೋ ಒಂದು ಕಡೆ ಕೂರುತ್ತದೆ ಎಂದು ಅವರು ನಂಬಿದ್ದರು. ಬಹಳ ಕಾಲ ಕೂತಿತು ಕೂಡ.

ಆ ನಂಬಿಕೆ ಅಲುಗಿದ ದಿನ ನನಗೆ ನೆನಪಿದೆ. ನೌಕಾನೆಲೆಗೆ ಭೂಮಿ ಕಳೆದುಕೊಂಡವರ ಬಾಯಲ್ಲಿ ಆಗ ‘ಇಪ್ಪತ್ತೆಂಟು ಎ’ ಎಂಬ ಮಾತು ಮಳೆ ಬೆಳೆಯ ಮಾತಿನಷ್ಟೇ ಸಲೀಸಾಗಿ ಓಡಾಡುತ್ತಿತ್ತು. 1894ರ ಭೂಸ್ವಾಧೀನ ಕಾಯ್ದೆಗೆ 1984ರ ತಿದ್ದುಪಡಿಯಲ್ಲಿ ಸೇರಿದ ಕಲಮು ಅದು. ಒಂದೇ ಅಧಿಸೂಚನೆಯಡಿ ಹತ್ತಾರು ಜನರ ಭೂಮಿ ಹೋಗಿರುತ್ತಿತ್ತು. ಅವರಲ್ಲಿ ಒಬ್ಬರು ಕೋರ್ಟಿಗೆ ಹೋಗಿ ಹೆಚ್ಚಿನ ದರ ಪಡೆದರೆ, ಕೋರ್ಟಿನ ಮೆಟ್ಟಿಲು ಹತ್ತಲಾಗದ ಉಳಿದವರೂ ಅದೇ ದರ ಕೇಳಬಹುದಿತ್ತು. ಆದರೆ ಆ ತೀರ್ಪಿನ ದಿನದಿಂದ ಮೂರು ತಿಂಗಳೊಳಗೆ ಅರ್ಜಿ ಕೊಡಬೇಕಿತ್ತು. ಬಡವರಿಗಾಗಿ ಮಾಡಿದ ಒಳ್ಳೆಯ ಕಲಮು. ಅದರ ಜೀವವೆಲ್ಲ ಆ ಮೂರು ತಿಂಗಳಲ್ಲಿ. ಇನ್ನೊಬ್ಬರ ಮೊಕದ್ದಮೆಯಲ್ಲಿ ತೀರ್ಪು ಬಂದದ್ದು ನಮಗೆ ಗೊತ್ತಾಗುವುದು ಹೇಗೆ? ಪತ್ರಿಕೆಯಿಂದ, ಇಲ್ಲವೇ ಬಸ್ಸಿನಲ್ಲಿ ಪಕ್ಕ ಕೂತವರಿಂದ.

ಒಂದು ಸಂಜೆ ನೆರೆಮನೆಯ ಅಕ್ಕ ಬಂದಳು. “ಮಾಸ್ತರ್ರೇ, ನಮ್ಮ ಬದಿಯವ್ರ ಕೇಸು ಆಯ್ತಂತೆ, ಪೇಪರಿನಲ್ಲಿ ಬಂದಿತ್ತಂತೆ. ಯಾವ ತಾರೀಕಿಗೆ ಬಂದದ್ದು ನೋಡಿ ಹೇಳ್ತ್ರಾ?” ಅಪ್ಪನಿಗೆ ಓದಿದ ನೆನಪು ಸ್ಪಷ್ಟವಾಗಿತ್ತು. ‘ಪರಿಹಾರ’ ಬಿಚ್ಚಿದರು, ಇಲ್ಲ. ‘ಕೋರ್ಟು’ ಬಿಚ್ಚಿದರು, ಇಲ್ಲ. ‘ಗದ್ದೆ’ಯಲ್ಲೂ ಇಲ್ಲ. ಅಕ್ಕ ಮೂರು ದಿನ ಬಂದು ಬಂದು ಹೋದಳು. ನಾಲ್ಕನೆಯ ದಿನ ಅದು ‘ರಸ್ತೆ’ ಲಕ್ಕೋಟೆಯಲ್ಲಿ ಸಿಕ್ಕಿತು. ಹೆದ್ದಾರಿಯಲ್ಲಿ ನಿರಾಶ್ರಿತರು ರಸ್ತೆ ತಡೆ ಮಾಡಿದ ಸುದ್ದಿ ಅದು, ತಲೆಬರಹವೂ ಅದೇ. ತೀರ್ಪಿನ ಮಾತು ಕೊನೆಯ ಪ್ಯಾರಾದಲ್ಲಿ ಎರಡು ಸಾಲು. ಗಡುವಿಗೆ ಇನ್ನು ಹನ್ನೊಂದು ದಿನ ಉಳಿದಿತ್ತು. ಅರ್ಜಿ ಹೋಯಿತು. ಆದರೆ ಆ ರಾತ್ರಿ ಅಪ್ಪ ಊಟಕ್ಕೆ ಕೂತವರು ಅನ್ನ ಕಲಸಿಕೊಂಡು ಹಾಗೆಯೇ ಕೂತಿದ್ದರು. ತಮ್ಮ ಕೈಯಾರೆ ಜೋಪಾನ ಮಾಡಿದ್ದನ್ನೇ ತಾವು ಕಳೆದುಬಿಡುತ್ತಿದ್ದೆವಲ್ಲ ಎಂಬುದು ಅವರ ಸಂಕಟ.

ಮರುದಿನದಿಂದ ಅವರು ಹೊಸ ರೂಢಿ ಹಿಡಿದರು. ಲಕ್ಕೋಟೆ ಒಂದೇ, ತುಣುಕು ಒಂದೇ ಕಡೆ ಇರಬೇಕಲ್ಲ. ಆದರೆ ಬೆನ್ನಿನ ಮೇಲೆ ಒಂದರ ಬದಲು ನಾಲ್ಕೈದು ಪದ. ‘ರಸ್ತೆ ತಡೆ. ತೀರ್ಪು. 28 ಎ. ದರ. ಅರ್ಗಾ.’ ಜೊತೆಗೆ ಒಂದು ಇನ್ನೂರು ಪುಟದ ನೋಟ್‌ಬುಕ್ಕು. ಅದರಲ್ಲಿ ಅ ದಿಂದ ಳ ವರೆಗೆ ಅಕ್ಷರಕ್ಕೆ ಇಷ್ಟು ಪುಟ ಎಂದು ಹಂಚಿ, ಪ್ರತಿ ಪದದ ಎದುರು ಅದು ಯಾವ ಲಕ್ಕೋಟೆಯ ಎಷ್ಟನೆಯ ತುಣುಕಿನಲ್ಲಿದೆ ಎಂಬ ಲೆಕ್ಕ. ಈಗ ಸುದ್ದಿಮನೆಗಳಲ್ಲಿ ವಿಭಾಗ ಎಂದೂ ಟ್ಯಾಗ್ ಎಂದೂ ಕರೆಯುವುದು ಇವೆರಡನ್ನೇ. ವಿಭಾಗ ಎಂದರೆ ಸುದ್ದಿ ಮಲಗುವ ಮನೆ. ಟ್ಯಾಗ್ ಎಂದರೆ ಆ ಸುದ್ದಿಯ ನಂಟರು. ಮನೆ ಒಂದೇ ಇರಬಹುದು, ನಂಟರು ಎಲ್ಲ ಊರಲ್ಲೂ ಇರುತ್ತಾರೆ.

ಅಪ್ಪ ಹೋದ ಮೇಲೆ ಟ್ರಂಕು ನನಗೆ ಬಂತು. ಈಗ ಅದರಲ್ಲಿ ಹತ್ತೊಂಬತ್ತು ಲಕ್ಕೋಟೆಗಳು, ನೋಟ್‌ಬುಕ್ಕು ಮೂರು. ಇಷ್ಟು ವರ್ಷ ಈ ಕೆಲಸ ಮಾಡಿ ನಾನು ಕಲಿತದ್ದರಲ್ಲಿ ಹೆಚ್ಚಿನದು ಕನ್ನಡ ಪದಗಳ ಬಗ್ಗೆ.

‘ಪರಿಹಾರ’ವನ್ನೇ ನೋಡಿ. ಭೂಮಿಗೆ ಕೊಡುವ ಹಣ ಪರಿಹಾರ. ಮಳೆಗೆ ಗೋಡೆ ಬಿದ್ದರೆ ತಹಸೀಲ್ದಾರರ ಕಚೇರಿಯಿಂದ ಬರುವ ಚೆಕ್ಕೂ ಪರಿಹಾರ. ಸಮಸ್ಯೆ ಬಗೆಹರಿದರೆ ಅದೂ ಪರಿಹಾರ. ‘ಪರಿಹಾರ ಸಿಕ್ಕಿದೆ’ ಎಂಬ ತಲೆಬರಹ ಓದಿದರೆ ಹಣ ಬಂತೇ, ತೊಂದರೆ ತೀರಿತೇ ಎಂದು ಒಳಗೆ ಇಳಿದೇ ನೋಡಬೇಕು. ಹಣ ಬಂದು ತೊಂದರೆ ಉಳಿದ ಸುದ್ದಿಗಳೇ ನನ್ನ ಲಕ್ಕೋಟೆಯಲ್ಲಿ ಹೆಚ್ಚು. ಈಗ ನಾನು ಭೂಮಿಯ ಹಣಕ್ಕೆ ‘ಭೂಪರಿಹಾರ’, ಮಳೆಯದಕ್ಕೆ ‘ಮಳೆ ನೆರವು’ ಎಂದು ಬೇರೆ ಬೇರೆ ಬರೆಯುತ್ತೇನೆ. ಬಗೆಹರಿದದ್ದಕ್ಕೆ ‘ತೀರಿದ್ದು’ ಎಂದು ಒಂದು ಪುಟ ಬಿಟ್ಟಿದ್ದೇನೆ.

‘ಕದಂಬ’ ಇನ್ನೂ ದೊಡ್ಡ ಸಂತೆ. ನಮ್ಮದೇ ಜಿಲ್ಲೆಯ ಬನವಾಸಿಯ ಕದಂಬರು. ಅವರ ಹೆಸರು ಹೊತ್ತು 2005ರ ಮೇ 31ರಂದು ಸೇವೆಗೆ ಸೇರಿದ ಐಎನ್‌ಎಸ್ ಕದಂಬ ನೌಕಾನೆಲೆ. ಕಾರವಾರದ ಬಸ್ ನಿಲ್ದಾಣಕ್ಕೆ ಬರುವ ಗೋವಾ ಸರಕಾರದ ಕದಂಬಾ ಬಸ್ಸು. ಅದರ ಮೇಲೆ ಕಾಡಿನ ಕದಂಬ ಮರ. ಅರಸು, ನೆಲೆ, ಬಸ್ಸು, ಮರ ನಾಲ್ಕೂ ನೋಟ್‌ಬುಕ್ಕಿನ ಒಂದೇ ಸಾಲಿನಲ್ಲಿ ಸಿಕ್ಕಿಕೊಂಡಿದ್ದವು. ಬಿಡಿಸಲು ಒಂದು ಭಾನುವಾರ ಬೇಕಾಯಿತು.

ಆದರೆ ನನ್ನನ್ನು ಬಹಳ ಕಾಡಿದ ಪದ ‘ನೆರೆ’. ಹೊಳೆ ಉಕ್ಕಿ ಬಂದದ್ದೂ ನೆರೆ, ಪಕ್ಕದಲ್ಲಿ ಇರುವವರೂ ನೆರೆ. ನೆರೆಯ ಗೋವಾ, ನೆರೆಮನೆ, ನೆರೆ ಸಂತ್ರಸ್ತರು ಎಲ್ಲ ಒಂದೇ ಪುಟದಲ್ಲಿ. ಅದನ್ನು ಬಿಡಿಸೋಣ ಎಂದು ಎರಡು ಮೂರು ಸಲ ಕೂತೆ. ಬಿಡಿಸಲಿಲ್ಲ. ಆ ಒಂದು ಕಡತ ಹಾಗೆಯೇ ಇರಲಿ ಎಂದು ಬಿಟ್ಟಿದ್ದೇನೆ. ನಮ್ಮಲ್ಲಿ ನೀರು ಬಂದ ರಾತ್ರಿ ಮೊದಲು ಬರುವವರು ನೆರೆಯವರೇ. ಸುದ್ದಿಯಲ್ಲೂ ಅವರಿಬ್ಬರೂ ಜೊತೆಗೇ ಇರುತ್ತಾರೆ.

ನೀರಿನ ಮಾತಿಗೆ ಬಂದೆ. ಬಿಣಗಾ, ಅರ್ಗಾ, ಚೆಂಡಿಯಾ, ತೋಡೂರು, ಅಮದಳ್ಳಿ ಹೀಗೆ ಕಾರವಾರದಿಂದ ಅಂಕೋಲಾದ ಕಡೆಗೆ ಹೋಗುವ ಹೆದ್ದಾರಿಯ ಊರುಗಳೆಲ್ಲ ಗುಡ್ಡಕ್ಕೂ ಸಮುದ್ರಕ್ಕೂ ನಡುವಿನ ಇಕ್ಕಟ್ಟಿನಲ್ಲಿ ಇರುವವು. ಗುಡ್ಡದ ಮೇಲೆ ಬಿದ್ದ ಮಳೆ ಗಂಟೆ ಎರಡು ಗಂಟೆಯಲ್ಲಿ ಕೆಳಗಿಳಿಯುತ್ತದೆ. ನಾಗರಮಡಿಯ ಜಲಪಾತ ನೋಡಿದವರಿಗೆ ಆ ರಭಸ ಗೊತ್ತು. ಕೆಳಗಿಳಿದ ನೀರು ಸಮುದ್ರ ಸೇರುವ ಮೊದಲು ಹಳ್ಳ, ಮೋರಿ, ಹೆದ್ದಾರಿ ಎಲ್ಲ ದಾಟಬೇಕು. ಒಂದು ಕಡೆ ದಾರಿ ಕಟ್ಟಿತೋ, ಮೊದಲು ತೋಟ, ಆಮೇಲೆ ಅಂಗಳ, ಆಮೇಲೆ ಅಡುಗೆಮನೆ. ಜೂನ್‌ನಿಂದ ಆಗಸ್ಟ್‌ವರೆಗೆ ಅರ್ಗಾ, ಚೆಂಡಿಯಾಗಳಲ್ಲಿ ನೀರು ನಿಂತ ಸುದ್ದಿ ಬಾರದ ವರ್ಷ ನನ್ನ ಟ್ರಂಕಿನಲ್ಲಿ ಈಚೆಗೆ ಸಿಗುವುದು ಕಷ್ಟ.

ಇದನ್ನು ಎಲ್ಲಿ ಇಡಬೇಕು? ಅಪ್ಪನ ಲಕ್ಕೋಟೆಗಳ ಪ್ರಕಾರ ‘ಮಳೆ’. ನಾನೂ ಬಹಳ ವರ್ಷ ಅಲ್ಲೇ ಇಟ್ಟೆ. ಒಂದು ಜುಲೈಯಲ್ಲಿ ನಮ್ಮ ಮನೆಗೇ ನೀರು ನುಗ್ಗಿ, ಟ್ರಂಕಿನ ತಳದ ಎರಡು ಲಕ್ಕೋಟೆಗಳು ನೆನೆದವು. ಅವನ್ನು ಜಗಲಿಯ ಮೇಲೆ ಹರವಿ, ಹಾಳೆಯಿಂದ ಹಾಳೆ ಬಿಡಿಸಿ ಒಣಗಿಸುತ್ತ ಕೂತಾಗ ಒಂದೊಂದಾಗಿ ಓದಿದೆ. ಹದಿನಾಲ್ಕು ವರ್ಷದ ತುಣುಕುಗಳು. ಪ್ರತಿ ವರ್ಷವೂ ಅದೇ ಊರು, ಅದೇ ತಿರುವು, ಅದೇ ಮೋರಿ, ಬಹುಪಾಲು ಅದೇ ವಾಕ್ಯ. ಆಗ ಹೊಳೆಯಿತು. ಇದನ್ನೆಲ್ಲ ‘ಮಳೆ’ ಎಂದು ಕರೆದರೆ ಹೊಣೆ ಆಕಾಶದ್ದು. ‘ಮೋರಿ’ ಎಂದು ಕರೆದರೆ ಹೊಣೆ ನೆಲದ ಮೇಲಿನವರದ್ದು. ಮಳೆಗೆ ಯಾರೂ ಅರ್ಜಿ ಬರೆಯುವುದಿಲ್ಲ, ಮೋರಿಗೆ ಬರೆಯಬಹುದು. ತುಣುಕಿನ ಬೆನ್ನಿಗೆ ನಾನು ಬರೆಯುತ್ತಿದ್ದ ಎರಡು ಅಕ್ಷರ, ಊರಿನ ಕಷ್ಟಕ್ಕೆ ಕಾರಣ ಏನು ಎಂಬುದಕ್ಕೆ ನಾನು ಕೊಡುತ್ತಿದ್ದ ಉತ್ತರವೂ ಆಗಿತ್ತು. ನಾನು ಅದನ್ನು ಯೋಚಿಸದೆ ಕೊಡುತ್ತಿದ್ದೆ. ಆ ದಿನವೇ ‘ಮೋರಿ’ ಎಂಬ ಲಕ್ಕೋಟೆ ಹುಟ್ಟಿತು. ಒಣಗಿದ ತುಣುಕುಗಳನ್ನು ಅದರೊಳಗೆ ವರ್ಷದ ಪ್ರಕಾರ ಜೋಡಿಸಿದೆ. ಮಳೆ ಎಂಬ ಪದವನ್ನು ಬೆನ್ನಿನಿಂದ ಅಳಿಸಲಿಲ್ಲ, ಮಳೆ ಬಂದದ್ದೂ ನಿಜವಲ್ಲವೇ.

ಹೀಗೆ ಹೆಸರಿಡುವುದು ನಮ್ಮಲ್ಲಿ ಇಂದಿನ ಕೆಲಸವಲ್ಲ. ಅಮರಕೋಶವನ್ನು ಹಿಂದಿನವರು ಬಾಯಿಪಾಠ ಮಾಡುತ್ತಿದ್ದರು. ಅಪ್ಪನಿಗೂ ಅಷ್ಟಿಷ್ಟು ಬರುತ್ತಿತ್ತು. ಅಮರಸಿಂಹ ಅದರಲ್ಲಿ ಜಗತ್ತಿನ ಪದಗಳನ್ನೆಲ್ಲ ವರ್ಗಗಳಾಗಿ ಕಟ್ಟಿದ. ಸ್ವರ್ಗವರ್ಗ, ಕಾಲವರ್ಗ, ಶೈಲವರ್ಗ, ಮನುಷ್ಯವರ್ಗ ಎಂದು. ಕುಂಬಾರ, ಕಮ್ಮಾರ, ನೇಕಾರರನ್ನು ಅವನು ಜನರ ನಡುವಿನ ವರ್ಗದಲ್ಲಿ ಇಟ್ಟಿದ್ದಾನೆ. ಮೀನುಗಾರನನ್ನು ಮಾತ್ರ ಅಲ್ಲಿಡದೆ ವಾರಿವರ್ಗದಲ್ಲಿ, ನೀರಿನ ವರ್ಗದಲ್ಲಿ, ಸಮುದ್ರ, ಅಲೆ, ದೋಣಿ, ಬಲೆ, ಮೀನು, ಏಡಿಗಳ ಜೊತೆಗೆ ಇಟ್ಟಿದ್ದಾನೆ. ಇದನ್ನು ಮೊದಲು ಗಮನಿಸಿದಾಗ, ಮನುಷ್ಯನನ್ನು ಮೀನಿನ ಪಕ್ಕ ಕೂರಿಸಿದನಲ್ಲ ಎಂದು ಬೇಸರವಾಯಿತು. ಆಮೇಲೆ ನಮ್ಮ ಟ್ರಂಕು ನೆನಪಾಯಿತು. ದಂಡೆಯಿಂದ ಎದ್ದ ಮೀನುಗಾರ ಕುಟುಂಬಗಳ ಸುದ್ದಿಯನ್ನು ಅಪ್ಪ ಇಟ್ಟದ್ದು ‘ಗದ್ದೆ’ ಲಕ್ಕೋಟೆಯಲ್ಲಿ, ಹೋದದ್ದು ಭೂಮಿ ಎಂಬ ಲೆಕ್ಕದಲ್ಲಿ. ಸರಕಾರಿ ಕಾಗದಗಳ ಲೆಕ್ಕವೂ ಅದೇ. ಆ ಕುಟುಂಬಗಳಿಗೆ ದಂಡೆಯೆಂದರೆ ದೋಣಿ ಎಳೆದಿಡುವ ಜಾಗ, ಬಲೆ ಒಣಗಿಸುವ ಜಾಗ, ಮೀನು ಒಣಗಿಸುವ ಜಾಗ. ಗುಂಟೆಯ ಲೆಕ್ಕದಲ್ಲಿ ಅವೆಲ್ಲ ಎಲ್ಲಿ ಬರುತ್ತವೆ? ಅವರ ಸುದ್ದಿಯನ್ನು ನಾನು ‘ಮೀನು’ ಲಕ್ಕೋಟೆಗೆ ತಂದೆ. ಅಮರಸಿಂಹ ಈ ವಿಷಯದಲ್ಲಿ ನಮಗಿಂತ ಹತ್ತಿರದಿಂದ ನೋಡಿದ್ದ ಎಂದು ನನಗೆ ಅನಿಸುತ್ತದೆ.

ಹೆಸರುಗಳು ಬದಲಾಗುವುದು ಇನ್ನೊಂದು ತೊಡಕು. ನಮ್ಮ ಹೆದ್ದಾರಿ ಮೊದಲು ರಾಷ್ಟ್ರೀಯ ಹೆದ್ದಾರಿ 17. 2010ರ ಹೊಸ ಸಂಖ್ಯೆಗಳ ನಂತರ 66. ರಸ್ತೆ ಅದೇ. ಅಪ್ಪನ ನೋಟ್‌ಬುಕ್ಕಿನಲ್ಲಿ ಹದಿನೇಳರ ಕೆಳಗೆ ಅಪಘಾತಗಳು, ನನ್ನದರಲ್ಲಿ ಅರವತ್ತಾರರ ಕೆಳಗೆ ಅಪಘಾತಗಳು. ಎರಡನ್ನೂ ಕೂಡಿಸುವವರೆಗೆ ಒಂದೇ ತಿರುವಿನಲ್ಲಿ ಎಷ್ಟು ಸಾವಾಗಿದೆ ಎಂದು ಕಾಣುತ್ತಿರಲಿಲ್ಲ. ಈಗ ಹದಿನೇಳರ ಪುಟದಲ್ಲಿ ‘ಅರವತ್ತಾರು ನೋಡಿ’ ಎಂದು ಬರೆದಿದ್ದೇನೆ. ಊರಿನ ಹೆಸರೂ ಅಷ್ಟೇ. ಒಬ್ಬರು ಚೆಂಡಿಯಾ ಎಂದರೆ ಇನ್ನೊಬ್ಬರು ಚೆಂಡಿಯೆ ಎನ್ನುತ್ತಾರೆ. ಅರ್ಗಾ, ಅರಗಾ ಎರಡೂ ನಡೆಯುತ್ತವೆ. ಇದ್ದುದರಲ್ಲಿ ಒಂದನ್ನು ಹಿಡಿದು ಉಳಿದವುಗಳಿಂದ ಅದಕ್ಕೆ ದಾರಿ ತೋರಿಸಬೇಕು.

ಎಲ್ಲಕ್ಕಿಂತ ಮೋಸ ಮಾಡಿದ್ದು ‘ಉ.ಕ.’ ಎಂಬ ಎರಡಕ್ಷರ. ಉತ್ತರ ಕನ್ನಡಕ್ಕೂ ಅದೇ, ಉತ್ತರ ಕರ್ನಾಟಕಕ್ಕೂ ಅದೇ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕದ ಹೊಳೆಗಳೆಲ್ಲ ಉಕ್ಕಿ ಊರೂರೇ ಮುಳುಗಿದವು. ಅದೇ ದಿನಗಳಲ್ಲಿ ಇಲ್ಲಿ ಕಾರವಾರದ ಕಡವಾಡದ ಝರಿವಾಡಾದಲ್ಲಿ ಗುಡ್ಡ ಕುಸಿದು ಹತ್ತೊಂಬತ್ತು ಜನ ಮಣ್ಣಿನಡಿ ಹೋದರು. ನನ್ನ ಅವಸರದ ಕೈಯಲ್ಲಿ ಆ ತುಣುಕುಗಳೂ ‘ಉ.ಕ. ನೆರೆ’ ಎಂಬ ಕಟ್ಟಿಗೆ ಸೇರಿಬಿಟ್ಟವು. ಝರಿವಾಡಾ ಹೊಳೆಯ ನೆರೆಯಲ್ಲಿ ಮುಳುಗಿದ್ದಲ್ಲ. ಗುಡ್ಡ ಬಂದು ಮನೆಗಳ ಮೇಲೆ ಕೂತದ್ದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿದಾಗ ನಾನು ಮೊದಲು ಹುಡುಕಿದ್ದು ಝರಿವಾಡಾದ ಸುದ್ದಿ. ‘ಗುಡ್ಡ’ ಎಂಬ ಪುಟದಲ್ಲಿ ಅದು ಇರಲಿಲ್ಲ. ಹದಿನೈದು ವರ್ಷ ಅದು ಬಿಜಾಪುರ, ಬಾಗಲಕೋಟೆಗಳ ನಡುವೆ ತಪ್ಪಿಹೋಗಿ ಕೂತಿತ್ತು.

ಶಿರೂರಿನ ಸುದ್ದಿಗಳನ್ನು ಜೋಡಿಸುವಾಗ ಕೈ ನಡುಗುತ್ತಿತ್ತು. ಕೇರಳದ ಪತ್ರಿಕೆಗಳಲ್ಲಿ ಅದು ಲಾರಿಯೊಡನೆ ಕಾಣೆಯಾದ ಒಬ್ಬ ಚಾಲಕನ ಸುದ್ದಿ. ಗಂಗಾವಳಿ ನದಿಯ ಒಡಲಿನಿಂದ ಸೆಪ್ಟೆಂಬರ್ 25ರಂದು ಲಾರಿ ಮೇಲೆತ್ತುವವರೆಗೆ ಇಡೀ ಒಂದು ರಾಜ್ಯ ಕಾದಿತ್ತು. ಇಲ್ಲಿ ಅದು ಹೆದ್ದಾರಿ ಬದಿಯ ಚಹಾ ಅಂಗಡಿಯ ಮನೆಯವರ ಸುದ್ದಿ. ಮಣ್ಣು ನದಿಗೆ ಬಿದ್ದ ರಭಸಕ್ಕೆ ಎದ್ದ ನೀರು ಎದುರು ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತ್ತು. ಆದರೆ ತಲೆಬರಹಗಳೆಲ್ಲ ಶಿರೂರು. ನಾಳೆ ಉಳುವರೆಯ ಒಬ್ಬ ಹುಡುಗ ತನ್ನ ಊರಿಗೆ ಅಂದು ಏನಾಯಿತು ಎಂದು ಹುಡುಕಿದರೆ ಅವನಿಗೆ ಸಿಗಬೇಡವೇ? ಅದಕ್ಕೇ ಶಿರೂರಿನ ಸುದ್ದಿಯ ಒಳಗೆ ಎಲ್ಲೆಲ್ಲಿ ಉಳುವರೆ ಬಂದಿದೆಯೋ ಅದರ ಬೆನ್ನಿಗೆಲ್ಲ ‘ಉಳುವರೆ’ ಎಂದು ಬರೆದೆ. ಸಣ್ಣ ಊರಿನ ಹೆಸರನ್ನು ಬಿಡಬಾರದು ಎಂಬುದೊಂದು ನಾನು ಹಾಕಿಕೊಂಡ ನಿಯಮ.

ಈ ಕೆಲಸಕ್ಕೆ ಶಾಸ್ತ್ರವೇ ಇದೆ ಎಂದು ಗೊತ್ತಾದದ್ದು ಮಗಳಿಂದ. ಅವಳು ಗ್ರಂಥಾಲಯ ವಿಜ್ಞಾನ ಓದಿದವಳು. ಎಸ್. ಆರ್. ರಂಗನಾಥನ್ ಅವರ ಕಥೆ ಹೇಳಿದಳು. 1924ರಲ್ಲಿ ಲಂಡನ್ನಿಗೆ ಓದಲು ಹೋದ ಮದರಾಸಿನ ಗಣಿತದ ಮೇಷ್ಟ್ರು ಅವರು. ಅಲ್ಲಿಯ ಅಂಗಡಿಯೊಂದರಲ್ಲಿ ಮೆಕಾನೊ ಎಂಬ ಆಟಿಕೆ ಕಂಡರಂತೆ. ಅವೇ ಪಟ್ಟಿ, ಅವೇ ತಿರುಪು, ಜೋಡಿಸಿದ ಹಾಗೆ ಬೇರೆ ಬೇರೆ ಆಟಿಕೆ. ಪುಸ್ತಕದ ವಿಷಯವನ್ನೂ ಹೀಗೆ ಬಿಡಿಬಿಡಿ ಮಾಡಿ ಜೋಡಿಸಬಹುದಲ್ಲ ಎಂದು ಅವರಿಗೆ ಅನಿಸಿತು. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಜಗತ್ತಿನ ತಿಳಿವನ್ನು ಹತ್ತು ಖಾನೆಗಳಾಗಿ ಹಂಚಿದ್ದ. ರಂಗನಾಥನ್ 1933ರಲ್ಲಿ ತಂದ ದ್ವಿಬಿಂದು ವರ್ಗೀಕರಣದಲ್ಲಿ ವಿಷಯವನ್ನು ಮೊದಲೇ ಮಾಡಿಟ್ಟ ಖಾನೆಗೆ ತುರುಕಬೇಕಾಗಿಲ್ಲ. ಯಾವುದರ ಬಗ್ಗೆ, ಯಾವ ದ್ರವ್ಯ, ಏನು ನಡೆಯಿತು, ಎಲ್ಲಿ, ಯಾವಾಗ ಎಂದು ಕೇಳಿ, ಬಂದ ಉತ್ತರಗಳನ್ನು ಚಿಹ್ನೆ ಹಾಕಿ ಪೋಣಿಸಬೇಕು. ಮುಂದೆ ಅವರು ಬೆಂಗಳೂರಿಗೆ ಬಂದು 1962ರಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು. 1972ರಲ್ಲಿ ಅಲ್ಲೇ ತೀರಿಕೊಂಡರು. ಆ ಮಾತು ಕೇಳುತ್ತ ನಾನು ಅಪ್ಪನ ತುಣುಕೊಂದರ ಬೆನ್ನು ತಿರುಗಿಸಿ ಅವಳಿಗೆ ತೋರಿಸಿದೆ. ‘ನಿರಾಶ್ರಿತರು. ರಸ್ತೆ ತಡೆ. ಅರ್ಗಾ.’ ಪಕ್ಕದಲ್ಲಿ ತಾರೀಖು. ಅವಳು ಬಹಳ ಹೊತ್ತು ಆ ಅಕ್ಷರ ನೋಡುತ್ತಿದ್ದಳು.

ಈಗ ಅವಳು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸುತ್ತಿದ್ದಾಳೆ. ‘ಹುಡುಕು ಎಂದರೆ ಸಾಕು, ಬೆನ್ನಿಗೆ ಪದ ಯಾಕೆ ಬೇಕು’ ಎಂದು ನೋಡಿದವರು ಕೇಳುತ್ತಾರೆ. ಕನ್ನಡದಲ್ಲಿ ಸಾಕಾಗುವುದಿಲ್ಲ. ‘ನೀರು’ ಎಂದು ಹುಡುಕಿದರೆ ‘ನೀರಿನಲ್ಲಿ’ ಸಿಗದು, ‘ಊರು’ ಎಂದರೆ ‘ಊರಿಗೆ’ ಸಿಗದು. ನಮ್ಮ ಪದಗಳು ವಿಭಕ್ತಿ ಹತ್ತಿದೊಡನೆ ಮೈ ಬದಲಿಸುತ್ತವೆ. ಅದೂ ಅಲ್ಲದೆ ಎಷ್ಟೋ ಸುದ್ದಿಗಳಲ್ಲಿ ಮುಖ್ಯ ಪದ ಒಂದು ಸಲವೂ ಬಂದಿರುವುದಿಲ್ಲ. ಗದ್ದೆ ಎಂಬ ಪದ ಆ ಅಡಿಗಲ್ಲಿನ ಸುದ್ದಿಯಲ್ಲಿ ಎಲ್ಲಿದೆ?

“ಅಪ್ಪಾ, ‘ಇತರೆ’ ಲಕ್ಕೋಟೆ ತೆಗೆದುಬಿಡೋಣ” ಎಂದಳು ಒಮ್ಮೆ. ಅದೇ ಎಲ್ಲಕ್ಕಿಂತ ದಪ್ಪ. ಬಿಚ್ಚಿ ನೋಡಿದರೆ ಒಳ್ಳೆಯ ಸುದ್ದಿಯೆಲ್ಲ ಅಲ್ಲಿ! ಅಂಕೋಲಾದ ಬಂಡಿಹಬ್ಬ, ಹಾಲಕ್ಕಿಗಳ ಸುಗ್ಗಿ, ಅಂಕೋಲಾದ ಕರಿ ಇಷಾಡು ಮಾವಿಗೆ 2023ರಲ್ಲಿ ಸಿಕ್ಕ ಜಿಐ ಟ್ಯಾಗ್. ಹಣ್ಣಿಗೂ ಟ್ಯಾಗ್, ಅದೂ ಊರಿನ ಹೆಸರಿನದ್ದೇ. ಹೊನ್ನಳ್ಳಿಯ ತುಳಸಿ ಗೌಡ ಅಜ್ಜಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದುಹೋದ 2021ರ ನವೆಂಬರಿನ ಫೋಟೋ ಕೂಡ ಅಲ್ಲೇ. ಅಪ್ಪನ ಲಕ್ಕೋಟೆಗಳು ಕಷ್ಟಕ್ಕೆಂದು ಹುಟ್ಟಿದವು. ಸಂತೋಷಕ್ಕೆ ಅವುಗಳಲ್ಲಿ ಜಾಗ ಇರಲಿಲ್ಲ. ನಾನೂ ಮಾಡಿರಲಿಲ್ಲ. ಇದು ನನಗೆ ನಿಜವಾಗಿ ನೋವು ಕೊಟ್ಟ ವಿಷಯ. ಒಂದು ಊರಿನ ಸುದ್ದಿಯೆಂದು ಇಷ್ಟು ವರ್ಷ ಕೂಡಿಟ್ಟದ್ದರಲ್ಲಿ ಹಬ್ಬ, ಹಣ್ಣು, ಬೀಜ ಆರಿಸಿ ಕಾಡು ಬೆಳೆಸಿದ ಅಜ್ಜಿ, ಇವರೆಲ್ಲ ‘ಇತರೆ’ ಹೇಗಾದರು? ‘ಕಾಡು’ ಎಂದೊಂದು, ‘ಹಬ್ಬ’ ಎಂದೊಂದು, ‘ಬೆಳೆ’ ಎಂದೊಂದು ಲಕ್ಕೋಟೆ ಹೊಸದಾಗಿ ಬಂದವು. ತುಳಸಿ ಅಜ್ಜಿಯನ್ನು ‘ಕಾಡು’ ಲಕ್ಕೋಟೆಯಲ್ಲಿ ಇಟ್ಟೆವು. ‘ಪ್ರಶಸ್ತಿ’ ಬೆನ್ನಿನ ಪದಗಳಲ್ಲಿ ಕೊನೆಯದು.

ಕಳೆದ ವಾರ ನೆರೆಮನೆಯ ಅಕ್ಕನ ಮೊಮ್ಮಗ ಬಂದಿದ್ದ. ಅಕ್ಕ ಈಗಿಲ್ಲ. ಮೋರಿಯ ಬಗ್ಗೆ ಊರವರು ಕೂಡಿ ಮನವಿ ಬರೆಯುತ್ತಿದ್ದಾರಂತೆ, ಹಿಂದೆ ಯಾವ ಯಾವ ವರ್ಷ ನೀರು ಬಂದಿತ್ತು ಎಂಬುದಕ್ಕೆ ಪುರಾವೆ ಬೇಕಂತೆ. “ಮಾವಾ, ಅಜ್ಜಿ ಹೇಳ್ತಿತ್ತು, ನಿಮ್ಮನೇಲಿ ಹುಡುಕಿದ್ರೆ ಸಿಗ್ತದೆ ಅಂತ.” ‘ಮೋರಿ’ ಲಕ್ಕೋಟೆ ತೆಗೆದು ಅವನ ಕೈಗೆ ಕೊಡಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಟ್ರಂಕಿನಲ್ಲಿ ಆ ಜಾಗ ಖಾಲಿ ಇರಬಾರದೆಂದು, ಮಗಳು ಒಂದು ರಟ್ಟಿನ ಚೀಟಿ ಕತ್ತರಿಸಿ, ‘ಲಕ್ಕೋಟೆ ಹದಿನಾಲ್ಕು, ಕೊಟ್ಟಿದೆ’ ಎಂದು ಬರೆದು, ಯಾರಿಗೆ ಎಂದು ನನ್ನನ್ನು ಕೇಳಿದಳು. ‘ನೆರೆ’ ಎಂದು ಬರೆ ಎಂದೆ.